ಸುಟ್ಟ ಸುರುಳಿಯೊಳಗಿನ ಚೀಟಿ

ಬಾಬುರಾಯನಕೊಪ್ಪಲಿನ ನಮ್ಮ ಶೆಡ್ಡಿಗೆ ಈಚೆಗೆ ಇಬ್ಬರು ಹೊಸ ಹುಡುಗಿಯರು ಸೇರಿದ್ದಾರೆಂದು ಕೇಳಿದೆ. ಒಬ್ಬಳು ಕಿರಂಗೂರಿನವಳು, ಇನ್ನೊಬ್ಬಳು ಕೆ.ಆರ್. ಪೇಟೆ ಕಡೆಯವಳು. ಇಬ್ಬರನ್ನೂ ನಾನು ನೋಡಿಲ್ಲ. ಆದರೂ ಈ ಬರಹ ಅವರಿಗಾಗಿಯೇ. ಕೆಲಸ ಕಲಿಸುವ ಪುಸ್ತಕವಲ್ಲ ಇದು. ಹದಿನೇಳು ವರ್ಷ ಆ ಶೆಡ್ಡಿನಲ್ಲಿ ತಾಮ್ರದ ತಂತಿ ಸುತ್ತಿದ ಹೆಂಗಸು ಕಣ್ಣಿಗೆ ಪೊರೆ ಬಂದು ಮನೆಗೆ ಮರಳಿದ ಮೇಲೆ, ಕುಕ್ಕರಿನಲ್ಲಿ ಬೇಳೆ ಬೇಯುವ ಹೊತ್ತಿಗೆ ಒಂದೊಂದೇ ಪುಟ ಬರೆದದ್ದು. ಪೊರೆ ತೆಗೆಸಿಕೊಂಡೆ, ಮತ್ತೆ ಅಕ್ಷರ ಕಾಣುತ್ತಿದೆ. ರಂಗನಾಥಸ್ವಾಮಿ ಇಷ್ಟು ಮಾಡಿದ್ದೇ ದೊಡ್ಡದು.

ನಾನು ಈ ಕೆಲಸಕ್ಕೆ ಸೇರಿದ್ದು ಹೂಬತ್ತಿಯ ದೆಸೆಯಿಂದ. ನಮ್ಮ ಯಜಮಾನರು ಶ್ರೀರಂಗಪಟ್ಟಣದಲ್ಲಿ ದೇವಸ್ಥಾನದ ಅಡುಗೆ ಕೆಲಸದಲ್ಲಿದ್ದರು. ಮಕ್ಕಳಿಬ್ಬರೂ ಹೈಸ್ಕೂಲು ಸೇರಿದ ಮೇಲೆ ನನಗೆ ಮಧ್ಯಾಹ್ನಗಳು ಖಾಲಿಯಾದವು. ಲಕ್ಷಬತ್ತಿಯ ಹರಕೆ ಹೊತ್ತು, ದೇವಸ್ಥಾನದ ಜಗಲಿಯ ಮೇಲೆ ಕುಳಿತು ಹೊಸೆಯುತ್ತಿದ್ದೆ. ಒಂದು ದಿನ ಕನ್ನಡಕದ ಹಿರಿಯರೊಬ್ಬರು ನನ್ನ ಮುಂದೆ ನಿಂತು, ತಟ್ಟೆಯಿಂದ ಹತ್ತು ಬತ್ತಿ ಎತ್ತಿ ಅಂಗೈಯಲ್ಲಿ ಸಾಲಾಗಿ ಇಟ್ಟುಕೊಂಡರು.

"ಇವೆಲ್ಲ ನೀವೊಬ್ಬರೇ ಮಾಡಿದ್ದಾ ಅಮ್ಮ?"

"ಹೌದು."

"ಒಂದರ ಹಾಗೇ ಇನ್ನೊಂದಿದೆಯಲ್ಲ!"

"ದೇವರಿಗೆ ತಾನೇ? ಹೆಂಗೆಂಗೋ ಹೊಸೆಯೋಕಾಗುತ್ತಾ?"

ಅವರೇ ಅನಂತರಾಮಯ್ಯನವರು, ಶೆಡ್ಡಿನ ಮಾಲೀಕರು. ನಾವೆಲ್ಲ 'ಸಾರ್' ಎನ್ನುತ್ತಿದ್ದೆವು. ಹಿಂದೆ ಬೆಲ್ಲ ತುಂಬಿಡುತ್ತಿದ್ದ ಗೋಡೌನನ್ನು ತೆಗೆದುಕೊಂಡು ವಾಲ್ವ್ ಆಂಪ್ಲಿಫೈಯರ್ ಮಾಡುತ್ತಿದ್ದರು. ನಾನು ಸೇರಿದ ಮೇಲೂ ಎಷ್ಟೋ ವರ್ಷ ಆ ಗೋಡೆಗಳಿಂದ ಇರುವೆ ಸಾಲು ಬರುವುದು ನಿಲ್ಲಲಿಲ್ಲ.

ವಾಲ್ವು ಎಂದರೆ ಹಳೆಯ ರೇಡಿಯೋದ ಬೆನ್ನಿನ ಹಲಗೆ ತೆಗೆದರೆ ಒಳಗೆ ಕೆಂಪಗೆ ಬೆಳಗುತ್ತಿತ್ತಲ್ಲ, ಆ ಗಾಜಿನ ಬುಡ್ಡಿ. ಅದೆಲ್ಲ ಮುಗಿದ ಕಾಲವೆಂದು ನಾನೂ ತಿಳಿದಿದ್ದೆ. ಆದರೆ ಹಾಡನ್ನು ಹಾಗೆಯೇ ಕೇಳಬೇಕೆನ್ನುವ ಜನ ಈಗಲೂ ಇದ್ದಾರೆ, ಮಾಡಿಕೊಡುವವರೂ ಇದ್ದಾರೆ. ಬುಡ್ಡಿಗಳು ಹೊರದೇಶದಿಂದ ಹತ್ತಿಯಲ್ಲಿ ಸುತ್ತಿಕೊಂಡು ಬರುತ್ತವೆ. ಒಂದೊಂದನ್ನೂ ಅಳೆದು, ಗುಣ ಹೊಂದುವವನ್ನು ಜೋಡಿ ಮಾಡಬೇಕು, ಜಾತಕ ನೋಡಿದ ಹಾಗೆ. ಅಲ್ಯೂಮಿನಿಯಂ ಪೆಟ್ಟಿಗೆ ಮೈಸೂರಿನಲ್ಲಿ ಕಂಪ್ಯೂಟರ್ ಯಂತ್ರದಿಂದ ಕತ್ತರಿಸಿ ಬರುತ್ತದೆ. ಪಕ್ಕದ ತೇಗದ ಹಲಗೆ ಕಿರಂಗೂರಿನ ಬಡಗಿಯದು. ಟ್ರಾನ್ಸ್‌ಫಾರ್ಮರ್ ಮಾತ್ರ ನಾವೇ ಸುತ್ತಬೇಕು. "ಬುಡ್ಡಿ ಯಾರಾದ್ರೂ ತರಬಹುದು, ಹಾಡಿನ ಬನಿ ಇರೋದು ಈ ಸುರುಳಿಯಲ್ಲಿ" ಎನ್ನುತ್ತಿದ್ದರು ಸಾರ್.

ಸುರುಳಿ ಸುತ್ತುವುದನ್ನು ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ ಚಿರೋಟಿ ಮಾಡಿದಂತೆ. ಕೂದಲಿನಂಥ ತಂತಿ ಒಂದು ಪದರ, ಅದರ ಮೇಲೆ ಕಾಗದ, ಮತ್ತೆ ತಂತಿ, ಮತ್ತೆ ಕಾಗದ. ನಡುನಡುವೆ ದಪ್ಪ ತಂತಿಯ ಪದರ ಬರುತ್ತದೆ. ದಪ್ಪ ತಂತಿಗೂ ತೆಳು ತಂತಿಗೂ ನಡುವೆ ಮಾತ್ರ ಕಾಗದ ಮೂರು ಸುತ್ತು ಇರಲೇಬೇಕು. ಚಿರೋಟಿಯಲ್ಲಿ ತುಪ್ಪ ಸವರುವುದು ಮರೆತರೆ ಪದರ ಅಂಟಿಕೊಳ್ಳುತ್ತದೆ, ಅಷ್ಟೇ. ಇಲ್ಲಿ ಕಾಗದ ಮರೆತರೆ ಸುಡುತ್ತದೆ.

ಒಂದು ಪದರಕ್ಕೆ ಇನ್ನೂರ ಹದಿನಾರು ಸುತ್ತು. ಮೊದಲ ದಿನ ಅದನ್ನು ಕೇಳಿ ನಕ್ಕೆ. ಸಾರ್ ಯಾಕೆಂದರು. "ಎರಡು ಸಲ ಜಪಮಾಲೆ ತಿರುಗಿಸಿದ ಹಾಗಾಯ್ತು ಸಾರ್" ಎಂದೆ. ಯಂತ್ರಕ್ಕೆ ಎಣಿಸುವ ಮುಳ್ಳು ಇತ್ತು, ಆದರೆ ಹಳೆಯದು, ಆಗಾಗ ಜಾರುತ್ತಿತ್ತು. ನಾನು ಸುತ್ತಿಗೊಂದು ನಾಮದಂತೆ ಹೇಳಿಕೊಂಡೇ ಎಣಿಸುತ್ತಿದ್ದೆ. ನನ್ನ ಲೆಕ್ಕ ತಪ್ಪುತ್ತಿರಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗಿದೆ. ಆ ಹೆಮ್ಮೆಯ ವಿಷಯಕ್ಕೆ ಮುಂದೆ ಬರುತ್ತೇನೆ.

ವೈರಿಂಗ್ ಮೇಜು ಸಿದ್ದಲಿಂಗಾಚಾರಿಯವರದು. ಪಾಂಡವಪುರದ ಅಕ್ಕಸಾಲಿಗರ ಮನೆಯವರು. ಚಿನ್ನದ ಕೆಲಸ ಬಿಟ್ಟು ಇಲ್ಲಿ ಸಾಲ್ಡರಿಂಗ್ ಕಡ್ಡಿ ಹಿಡಿದಿದ್ದರು. "ಚಿನ್ನದ ಬೆಸುಗೆ ಕೆಟ್ರೆ ಆಕ್ಕೊಂಡೋರ ಕತ್ತಿನ್ ಮ್ಯಾಲೆ ಕಾಣ್ತದೆ, ಇದು ಕೆಟ್ರೆ ಕಿವೀಲಿ ಕೇಳ್ತದೆ, ಅಷ್ಟೇಯ ಯತ್ಯಾಸ" ಎನ್ನುತ್ತಿದ್ದರು. ಬಾಯಿ ಸ್ವಲ್ಪ ಜೋರು.

ನನ್ನ ಮೊದಲ ದೊಡ್ಡ ಎಡವಟ್ಟಿಗೆ ಸಾಕ್ಷಿ ಅವರೇ. ಸೇರಿದ ವರ್ಷ ಆಯುಧಪೂಜೆಗೆ ಎಲ್ಲರಿಗಿಂತ ಮುಂಚೆ ಬಂದು, ಯಂತ್ರಕ್ಕೆ, ಕತ್ತರಿಗೆ, ಮೇಜಿಗೆ ಅರಿಸಿನ ಕುಂಕುಮ ಇಟ್ಟೆ. ಕಳಿಸಲು ಸಿದ್ಧವಾಗಿದ್ದ ಆಂಪ್ಲಿಫೈಯರು ಕಣ್ಣಿಗೆ ಬಿತ್ತು. ನಾಲ್ಕು ಬುಡ್ಡಿಗೂ ಗಂಧ ಕಲಸಿ ಬೊಟ್ಟಿಟ್ಟೆ. ಪೂಜೆಯಾದ ಮೇಲೆ ಆಚಾರಿಯವರು ಸ್ವಿಚ್ ಹಾಕಿದರು. ಬುಡ್ಡಿ ಕಾದು, ಬೊಟ್ಟು ಗಾಜಿಗೇ ಸುಟ್ಟು ಕಚ್ಚಿಕೊಂಡಿತು. ಎಷ್ಟು ಒರೆಸಿದರೂ ಕಂದು ಕಲೆ ಹೋಗಲಿಲ್ಲ.

"ಓಹೋ, ನಾಮ ಆಕ್ಬುಟ್ರಾ! ಸಾರ್, ಬನ್ನಿ ಇಲ್ಲಿ, ಕನಕಮ್ನೋರು ಬುಡ್ಡಿಗೆಲ್ಲ ಮುದ್ರೆ ಒತ್ತವ್ರೆ!"

ಸಾರ್ ಬೈಯಲಿಲ್ಲ. ಆ ನಾಲ್ಕನ್ನು ಮಾರುವ ಹಾಗಿರಲಿಲ್ಲ, ಪರೀಕ್ಷೆಯ ಮೇಜಿಗೆ ಇಟ್ಟುಕೊಂಡರು. ಅವು ಬಹಳ ವರ್ಷ ಬಾಳಿದವು. ಅಲ್ಲಿಂದ ಮುಂದೆ ಆಯುಧಪೂಜೆಗೆ ಕೆಟ್ಟುಹೋದ ಬುಡ್ಡಿಗೆ ಮಾತ್ರ ಬೊಟ್ಟು. ತಪ್ಪು ಮಾಡಿದರೂ ದೇವರು ನಗುವಂಥ ತಪ್ಪನ್ನೇ ಮಾಡಿಸಿದನಲ್ಲ ಎಂದು ಸಮಾಧಾನಪಟ್ಟಿದ್ದೆ. ಎಲ್ಲ ತಪ್ಪೂ ಹಾಗಿರುವುದಿಲ್ಲ.

ಶೆಡ್ಡಿನಲ್ಲಿ ಎರಡು ಕಟ್ಟಳೆ ಇದ್ದವು. ಈಗಲೂ ಇವೆ, ಹುಡುಗಿಯರೇ, ನಿಮಗೂ ಹೇಳಿರುತ್ತಾರೆ. ಒಂದು, ಸುರುಳಿ ಸುತ್ತಿದವರು ಕೊನೆಯ ಕಾಗದದ ಅಡಿಯಲ್ಲಿ ಸಣ್ಣ ಚೀಟಿ ಇಡಬೇಕು, ತಮ್ಮ ಹೆಸರು, ತಾರೀಖು ಬರೆದು. ಇಬ್ಬರು ಕೈ ಹಾಕಿದ್ದರೆ ಇಬ್ಬರ ಹೆಸರೂ ಇರಬೇಕು. ಕೊಂಡವರಿಗೆ ಅದು ಕಾಣುವುದಿಲ್ಲ. ಸುರುಳಿ ಬಿಚ್ಚಿದ ದಿನ ಮಾತ್ರ ಹೊರಗೆ ಬರುತ್ತದೆ. ಎರಡನೆಯದು, ಉಪವಾಸ ಇದ್ದವರು ಅಂದು ಸುತ್ತುವ ಯಂತ್ರ ಮುಟ್ಟಬಾರದು. ಹೊಟ್ಟೆ ಖಾಲಿಯಿದ್ದರೆ ಬೆರಳು ತಂತಿಯನ್ನು ಎಳೆಯುತ್ತದೆ, ಮನಸ್ಸು ಪದರ ಮರೆಯುತ್ತದೆ ಎನ್ನುವುದು ಸಾರ್ ಕಂಡುಕೊಂಡ ಮಾತು. ಉಪವಾಸ ಬೇಡವೆಂದು ಅವರು ಹೇಳಲಿಲ್ಲ. ಅವತ್ತು ಪ್ಯಾಕಿಂಗ್ ಮಾಡಿ, ಬುಡ್ಡಿ ಒರೆಸಿ, ಅಷ್ಟೇ ಎಂದಿದ್ದರು. ಬೆಳಿಗ್ಗೆ ಒಳಗೆ ಬರುವಾಗ ಒಬ್ಬೊಬ್ಬರನ್ನೂ "ತಿಂಡಿ ಆಯ್ತಾ?" ಎಂದು ಕೇಳುತ್ತಿದ್ದುದು ಉಪಚಾರದ ಮಾತಲ್ಲ.

ನಾನು ಸೇರಿ ನಾಲ್ಕನೇ ವರ್ಷಕ್ಕೆ ಗಿರಿಜಾ ಬಂದಳು. ಪಾಂಡವಪುರದ ಹತ್ತಿರದ ಹಳ್ಳಿಯವಳು, ಬಸ್ಸಿನಲ್ಲಿ ಓಡಾಡುತ್ತಿದ್ದಳು. ನನಗಿಂತ ಹದಿನೈದು ವರ್ಷ ಚಿಕ್ಕವಳು. ಎರಡೇ ತಿಂಗಳಲ್ಲಿ ನನ್ನಷ್ಟೇ ಚೆನ್ನಾಗಿ ಸುತ್ತತೊಡಗಿದಳು. ಆದರೆ ಅವಳ ಕಣ್ಣು ಇದ್ದದ್ದು ವೈರಿಂಗ್ ಮೇಜಿನ ಮೇಲೆ. ಊಟದ ಬಿಡುವಿನಲ್ಲಿ ಡಬ್ಬಿ ಹಿಡಿದುಕೊಂಡು ಆಚಾರಿಯವರ ಪಕ್ಕ ನಿಂತು ನೋಡುತ್ತಿದ್ದಳು. ಆ ಮೇಜಿಗೆ ಆವರೆಗೆ ಹೆಂಗಸರು ಯಾರೂ ಕೂತಿರಲಿಲ್ಲ.

"ಏನ್ ನೋಡೀಯಮ್ಮಿ ಅಂಗೆ, ಬರದಾಗೆ ಮಳೆ ಮೋಡ ನೋಡ್ದಂಗೆ?"

"ಕಲಿಯಾಕೆ ನೋಡ್ತಾವ್ನಿ ಕಣಣ್ಣ. ಕಣ್ಣಾಗ್ ನೋಡುದ್ರೆ ನಿಮ್ ಸೀಸ ಕರಗೋದದಾ?"

ಆಚಾರಿಯವರು ಹೊಟ್ಟೆ ಹಿಡಿದು ನಕ್ಕರು. ಅವತ್ತಿನಿಂದ ಚೂರುಪಾರು ತಂತಿ ಕೊಟ್ಟು ಬೆಸೆಯಲು ಹಚ್ಚಿದರು. ವರ್ಷ ಕಳೆಯುವಷ್ಟರಲ್ಲಿ ಅವರೇ ಸಾರ್ ಬಳಿ ಹೋಗಿ, "ಈ ಉಡುಗಿ ಕೈ ಅಕ್ಕಸಾಲಿ ಕೈ ಕಣ್ ಸಾರ್, ಯುಗಾದಿ ಕಳೆದ್ಮೇಲೆ ನನ್ ಪಕ್ಕಕ್ಕೆ ಕೂರ್ಸಿ" ಎಂದರು. ಸಾರ್ ಒಪ್ಪಿದರು. ಗಿರಿಜಾ ಅವತ್ತು ಯಾರಿಗೂ ಸಿಹಿ ಹಂಚಲಿಲ್ಲ. "ಕೂತ್ಮೇಲೆ ಅಂಚ್ತೀನಿ ಅಕ್ಕ, ದಿಷ್ಟಿ ಆಗ್ತದೆ" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಆ ಯುಗಾದಿಗೆ ಮುಂಚಿನ ವೈಕುಂಠ ಏಕಾದಶಿ. ಬೆಳಕು ಹರಿಯುವ ಮೊದಲೇ ದೇವಸ್ಥಾನದ ಸಾಲಿನಲ್ಲಿ ನಿಂತಿದ್ದೆ. ವೈಕುಂಠದ ಬಾಗಿಲು ದಾಟಿ, ತೀರ್ಥ ಮಾತ್ರ ತೆಗೆದುಕೊಂಡು, ಸೀದಾ ಶೆಡ್ಡಿಗೆ ಹೋದೆ. ಒಂದು ಆರ್ಡರಿಗೆ ಕೊನೆಯ ಸುರುಳಿ ಅವತ್ತೇ ಮುಗಿಯಬೇಕಿತ್ತು. ನಾನು ಪ್ಯಾಕಿಂಗಿಗೆ ಕೂತರೆ ಗಿರಿಜಾ ಮುಗಿಸುತ್ತಿದ್ದಳು, ಯಾವ ತೊಂದರೆಯೂ ಇರಲಿಲ್ಲ. ಆದರೆ ಆ ಆರ್ಡರಿನ ಉಳಿದ ಸುರುಳಿಗಳೆಲ್ಲ ನನ್ನವು. ಇದೂ ನನ್ನದೇ ಆಗಬೇಕೆಂದು ಮನಸ್ಸು ಹಟ ಹಿಡಿಯಿತು.

"ತಿಂಡಿ ಆಯ್ತಾ ಕನಕಮ್ಮನವ್ರೆ?"

"ಆಯ್ತು ಸಾರ್."

ಉಪವಾಸವನ್ನು ಮುರಿಯಲಿಲ್ಲ. ಏಕಾದಶಿಯ ದಿನ, ಹಣೆಯ ಮೇಲಿನ ಕುಂಕುಮ ಇನ್ನೂ ಹಸಿಯಿರುವಾಗ, ಸುಳ್ಳು ಹೇಳಿದೆ.

ಮಧ್ಯಾಹ್ನದ ಹೊತ್ತಿಗೆ ಕಣ್ಣು ಕತ್ತಲಿಟ್ಟಿತು. ಬಾಯಿ ನಾಮ ಹೇಳುತ್ತಿತ್ತು, ಸುತ್ತಿನ ಲೆಕ್ಕ ಅವತ್ತೂ ತಪ್ಪಲಿಲ್ಲ. ತಪ್ಪಿದ್ದು ಕಾಗದ. ಒಂದು ಕಡೆ ಮೂರು ಸುತ್ತು ಹಾಕಬೇಕಾದಲ್ಲಿ ಒಂದೇ ಹಾಕಿ ದಪ್ಪ ತಂತಿ ಸುತ್ತಿಬಿಟ್ಟೆ. ಆಗ ನನಗದು ಗೊತ್ತಾಗಲಿಲ್ಲ. ನನ್ನ ಬೆರಳು ತಂತಿ ಎಳೆಯುವುದನ್ನು ಪಕ್ಕದ ಯಂತ್ರದಿಂದ ಗಿರಿಜಾ ನೋಡಿದಳು.

"ಅಕ್ಕ, ಏಕಾದಸಿ ಅಲ್ವಾ ಇವತ್ತು? ಉಪಾಸ ಇದ್ದೀರಾ?"

"ಮೆಲ್ಲಗೆ ಮಾತಾಡೇ."

"ಬುಡಿ, ಎದ್ದೇಳಿ. ಓಗಿ ಮಕಕ್ಕೆ ನೀರ್ ಆಕ್ಕಂಡು ಕೂತ್ಕಳಿ. ಮೇಲಿನ್ ಪದ್ರ ನಾನ್ ಸುತ್ತಿ ಮುಗುಸ್ತೀನಿ."

ಮುಗಿಸಿದಳು. ಚೀಟಿ ಬರೆಯುವಾಗ ನನ್ನ ಕಡೆ ತಿರುಗಿ, "ಇಬ್ಬರ್ ಎಸ್ರೂ ಬರೀತೀನಿ" ಎಂದಳು.

"ನನ್ನದು ಬೇಡ ಕಣೇ. ನಡುವೆ ಯಾಕೆ ಎದ್ದೆ ಅಂತ ಕೇಳ್ತಾರೆ."

ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ತನ್ನ ಹೆಸರೊಂದನ್ನೇ ಬರೆದು ಇಟ್ಟಳು.

ಆ ಸುರುಳಿ ಪರೀಕ್ಷೆಯಲ್ಲಿ ಗೆದ್ದಿತು. ತಂತಿಯ ಮೇಲೆ ಬಳಿದ ಬಣ್ಣ ಹೊಸದಾಗಿರುವಾಗ ಕರೆಂಟನ್ನು ತಡೆಯುತ್ತದೆ. ದಿನಾ ಕಾದು ಆರಿ, ಕಾದು ಆರಿ, ತಡೆಯಲಾರದ ದಿನ ಬರುತ್ತದೆ. ಶಿವರಾತ್ರಿ ಕಳೆದ ಮೇಲೆ ಆ ಆಂಪ್ಲಿಫೈಯರು ವಾಪಸು ಬಂತು. ಪೆಟ್ಟಿಗೆ ತೆರೆದಾಗಲೇ ಸುಟ್ಟ ವಾಸನೆ. ನಮ್ಮಲ್ಲಿಂದ ಹೋದದ್ದು ಹಾಗೆ ಸುಟ್ಟು ಬಂದದ್ದು ಅದೇ ಮೊದಲು.

ಸಾರ್ ಎಲ್ಲರನ್ನೂ ಕರೆದು ಮೇಜಿನ ಸುತ್ತ ನಿಲ್ಲಿಸಿ ಸುರುಳಿ ಬಿಚ್ಚಿದರು. ಮೊದಲು ಚೀಟಿ ಬಂತು. 'ಗಿರಿಜಾ'. ಆಮೇಲೆ ಒಂದೊಂದೇ ಪದರ. ತುಂಬ ಒಳಗೆ, ನಾನು ಸುತ್ತಿದ ಪದರದಲ್ಲಿ, ಮೂರರ ಜಾಗದಲ್ಲಿ ಒಂದೇ ಕಾಗದ, ಅದರ ನಡುವೆ ಸಾಸಿವೆ ಕಾಳಿನಷ್ಟು ಕಪ್ಪು ತೂತು. ಆಗ ನನಗೆ ಅರ್ಥವಾಯಿತು. ಗಿರಿಜಾಗೂ ಅರ್ಥವಾಯಿತು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು.

ನಾನು ನೆಲ ನೋಡಿದೆ. ಒಂದು ಇರುವೆ ಸಾಲು ಮೇಜಿನ ಕಾಲು ಹತ್ತುತ್ತಿತ್ತು. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುತ್ತ ಅದನ್ನೇ ನೋಡಿದೆ. ಹೇಳಿದರೆ ಕಾಗದದ ತಪ್ಪೊಂದನ್ನೇ ಹೇಳುವ ಹಾಗಿರಲಿಲ್ಲ. ಏಕಾದಶಿಯ ಸುಳ್ಳನ್ನೂ ಹೇಳಬೇಕಿತ್ತು. ದೇವಸ್ಥಾನದವರ ಮನೆ ಹೆಂಗಸು ಎಂದು ಅವರೆಲ್ಲ ನನಗೆ ಕೊಟ್ಟಿದ್ದ ಗೌರವ ಕಳೆದುಕೊಳ್ಳಲು ನನಗೆ ಧೈರ್ಯ ಸಾಲಲಿಲ್ಲ.

"ನಂದೇ ಸಾರ್" ಎಂದಳು ಗಿರಿಜಾ. "ಕೈ ತಪ್ಪೋಯ್ತು."

ಸಾರ್ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಪ್ಯಾಕಿಂಗಿಗೆ ಹಾಕಿದರು. ವೈರಿಂಗ್ ಮೇಜಿನ ಮಾತು ಯುಗಾದಿಗೂ ಬರಲಿಲ್ಲ, ಆಮೇಲೂ ಬರಲಿಲ್ಲ. ಆಚಾರಿಯವರು ಕೆಲವು ದಿನ ಸಿಡಿಮಿಡಿ ಮಾಡಿದರು. "ಒಂದ್ ಕಾಗ್ದ ಮರ್ತದ್ಕೆ ಕೈಯೇ ಕೆಟ್ಟೋಯ್ತಾ ಸಾರ್?" ಎಂದು ಕೇಳಿಯೂ ಕೇಳಿದರು. ಗಿರಿಜಾ ಆ ಮಳೆಗಾಲದವರೆಗೆ ರಟ್ಟಿನ ಪೆಟ್ಟಿಗೆ ಮಡಿಸಿದಳು. ಡಬ್ಬಿ ಹಿಡಿದು ಆಚಾರಿಯವರ ಪಕ್ಕ ಮತ್ತೆ ನಿಲ್ಲಲಿಲ್ಲ. ನನ್ನ ಜೊತೆ ಊಟಕ್ಕೂ ಕೂರಲಿಲ್ಲ. ಒಂದು ಸೋಮವಾರ ಬರುವುದನ್ನು ನಿಲ್ಲಿಸಿದಳು. ಮದುವೆಯಾಗಿ ನಾಗಮಂಗಲಕ್ಕೆ ಹೋದಳೆಂದು ಆಮೇಲೆ ತಿಳಿಯಿತು.

ಹೇಳಲು ಇನ್ನೂ ಕಷ್ಟವಾದದ್ದು ಇಲ್ಲಿಂದ ಮುಂದಿನದು. ಸಾರ್ ಆ ಸುಟ್ಟ ಸುರುಳಿಯನ್ನು ಬಿಸಾಡಲಿಲ್ಲ. ತೂತು ಕಾಣುವ ಹಾಗೆ ಗಾಜಿನ ಡಬ್ಬದಲ್ಲಿಟ್ಟು, ಚೀಟಿಯನ್ನೂ ಪಕ್ಕದಲ್ಲೇ ಅಂಟಿಸಿ, ಕಪಾಟಿನ ಮೇಲಿಟ್ಟರು. ಹೊಸದಾಗಿ ಬಂದವರಿಗೆ ಮೊದಲು ತೋರಿಸುವುದು ಅದನ್ನೇ. ತೋರಿಸುವ ಕೆಲಸ ನನ್ನದಾಯಿತು. ಎಷ್ಟು ಹುಡುಗಿಯರ ಮುಂದೆ ಆ ಡಬ್ಬ ಇಳಿಸಿದ್ದೇನೋ! "ನೋಡಿ, ಗಮನ ತಪ್ಪಿದರೆ ಹೀಗಾಗುತ್ತೆ." ಅವರು ಚೀಟಿ ಓದಿ ಕೇಳುತ್ತಿದ್ದರು, "ಗಿರಿಜಾ ಅಂದ್ರೆ ಯಾರಮ್ಮ?" "ಮುಂಚೆ ಇದ್ದಳು" ಎನ್ನುತ್ತಿದ್ದೆ. ಒಬ್ಬಳು ಮಾತ್ರ, "ಪಾಪ, ಎಂಗ್ ಮರ್ತ್ರೋ" ಎಂದಳು. ಅವತ್ತು ಮನೆಗೆ ಹೋಗಿ ದೀಪ ಹಚ್ಚಲು ಕುಳಿತರೆ ಬತ್ತಿ ಹೊಸೆಯಲು ಬರಲಿಲ್ಲ. ಹೋಗಿ ಹೇಳಿಬಿಡಬೇಕೆಂದು ನಿಶ್ಚಯಿಸಿಕೊಂಡೆ. ಬೆಳಿಗ್ಗೆ ಎದ್ದು ಹೇಳಲಿಲ್ಲ.

ಆಮೇಲೆ ಹೊಸ ಯಂತ್ರ ಬಂತು. ಪದರ, ಸುತ್ತು, ಎಲ್ಲ ಅದೇ ಎಣಿಸುತ್ತದೆ, ಕಾಗದ ಹಾಕುವ ಹೊತ್ತಿಗೆ ತಾನೇ ನಿಂತು ಕೂಗುತ್ತದೆ. ಕಾಗದದ ಬದಲು ಕೆಲವು ಕಡೆ ಪ್ಲಾಸ್ಟಿಕ್ಕಿನ ತೆಳು ಹಾಳೆ ಬಂದಿದೆ. ನನ್ನ ಜಪ ಈಗ ಬರೀ ಜಪ, ಅದಕ್ಕೆ ಯಾವ ಲೆಕ್ಕವನ್ನೂ ಕಟ್ಟಿಲ್ಲ. ಅದೂ ಒಂದು ಕೃಪೆಯೇ. ಆ ಯಂತ್ರ ಹತ್ತು ವರ್ಷ ಮುಂಚೆ ಬಂದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ತಿಂಡಿ ಆಯ್ತಾ ಎಂದು ಕೇಳಿದವರಿಗೆ ನಿಜ ಹೇಳುವುದಕ್ಕೆ ಯಂತ್ರ ಏಕೆ ಬೇಕಿತ್ತು?

ಕೆಲಸ ಬಿಟ್ಟ ದಿನ ಎಲ್ಲರೂ ಸೇರಿ ರೇಷ್ಮೆ ಸೀರೆ ಉಡಿಸಿದರು. "ಕನಕಮ್ಮನವರ ಕೈಯಲ್ಲಿ ಒಂದು ಸುರುಳಿಯೂ ಕೆಡಲಿಲ್ಲ" ಎಂದು ಸಾರ್ ನಾಲ್ಕು ಜನರ ಮುಂದೆ ಹೇಳಿದರು. ಆ ಸೀರೆಯನ್ನು ನಾನು ಮತ್ತೆ ಉಡಲಿಲ್ಲ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ನಾಗಮಂಗಲದ ಬಸ್ಸು ಹತ್ತಿದೆ.

ಗಿರಿಜಾಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಗಂಡ ಹೆಂಡತಿ ಬೋರ್‌ವೆಲ್ ಮೋಟರು ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಬಾಗಿಲಲ್ಲೇ ಸುಟ್ಟ ಮೋಟರೊಂದನ್ನು ಕಾಲ ನಡುವೆ ಇಟ್ಟುಕೊಂಡು ತಾಮ್ರದ ತಂತಿ ತುಂಬುತ್ತಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ಬೆರಳು ಮಾತ್ರ ಹಾಗೆಯೇ ಓಡುತ್ತಿತ್ತು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ಬನ್ನಿ ಅಕ್ಕ. ತಿಂಡಿ ತಿನ್ಕಂಡ್ ಬಂದ್ರಾ? ಇಲ್ಲ ಇವತ್ತೂ ಏಕಾದಸೀನಾ?"

ನಿಂತಲ್ಲೇ ನನಗೆ ಅಳು ಬಂತು. ಹೇಳಬೇಕಾದದ್ದನ್ನು ಅಡ್ಡಾದಿಡ್ಡಿಯಾಗಿ ಹೇಳಿದೆ. ಅವಳು ಕೇಳಿದಳು. ಒಳಗಿಂದ ಸ್ಟೂಲು ತರಿಸಿ ಕೂರಿಸಿದಳು, ಟೀ ತರಿಸಿದಳು.

"ನನ್ ಪಾಡು ಕೆಟ್ಟೇನೂ ಓಗ್ನಿಲ್ಲ ಬುಡಿ. ನಾನ್ ಸುತ್ತುದ್ ಮೋಟ್ರು ನೀರ್ ಎತ್ತುತದೆ. ಜನ ಉಡೀಕಂಡ್ ಬತ್ತಾರೆ."

"ವೈರಿಂಗ್ ಮೇಜು..."

"ಅದ್ನ ಮಾತಾಡ್ಬ್ಯಾಡಿ" ಎಂದಳು. ತಂತಿಯನ್ನು ಬಿದಿರಿನ ಚೂರಿನಿಂದ ಒಳಕ್ಕೆ ಒತ್ತಿದಳು. ಆಮೇಲೆ ಕೇಳಿದಳು, "ಆ ಸುಟ್ಟೋದ್ದು ಇನ್ನೂವೇ ಕಪಾಟ್ ಮ್ಯಾಲ್ ಐತಾ?"

ಇದೆ ಎಂದೆ.

"ನನ್ ಎಸ್ರೂ?"

ಅದೂ ಇದೆ ಎಂದೆ.

"ಕ್ಷಮ್ಸು ಅಂತ ನನ್ ತಾವ ಕೇಳ್ಬ್ಯಾಡಿ ಅಕ್ಕ. ಕೇಳ್ದೋರ್ಗೆ ಇಲ್ಲ ಅನ್ನಾಕ್ ಆಗಕಿಲ್ಲ, ಕೊಡಾಕ್ ಮನ್ಸೂ ಬರಾಕಿಲ್ಲ. ಅಲ್ಲಿಂದ ನನ್ ಎಸ್ರು ತಗ್ಸಿ. ಅಷ್ಟ್ ಮಾಡಿ ಸಾಕು."

ಬರುವಾಗ ದಾರಿಯುದ್ದಕ್ಕೂ ನಾಮ ಹೇಳಲು ಬಾಯಿ ಬರಲಿಲ್ಲ. ಮರುದಿನ ತಿಂಡಿ ತಿಂದು ಶೆಡ್ಡಿಗೆ ಹೋದೆ. ಸಾರ್‌ಗೆ ಈಗ ಕೋಲು ಬಂದಿದೆ, ಆದರೂ ಬಾಗಿಲ ಬಳಿಯೇ ಕೂತಿರುತ್ತಾರೆ. ಎಲ್ಲವನ್ನೂ ಹೇಳಿದೆ.

"ಅವತ್ತು ನಾನು ಕೇಳಿದ್ನಲ್ಲ ಕನಕಮ್ಮನವ್ರೆ, ತಿಂಡಿ ಆಯ್ತಾ ಅಂತ."

"ಕೇಳಿದ್ರಿ ಸಾರ್. ಆಯ್ತು ಅಂದಿದ್ದೆ."

"ಆಚಾರಿ ಹೇಳಿದ್ದು ಸರಿ. ಒಂದು ಕಾಗದಕ್ಕೆ ಆ ಹುಡುಗಿಯ ಕೈನೇ ಬೇಡ ಅಂದ್ಬಿಟ್ಟೆ ನಾನು. ಆ ತಪ್ಪು ನಿಮ್ಮದಲ್ಲ, ನನ್ನದು." ಆಮೇಲೆ ಕೋಲಿನಿಂದ ಕಪಾಟು ತೋರಿಸಿ, "ತೆಗೆದು ಬಿಸಾಕಿಬಿಡಿ ಅತ್ಲಾಗೆ" ಎಂದರು.

ಬಿಸಾಕುವುದು ಬೇಡವೆಂದೆ. ಡಬ್ಬ ಇಳಿಸಿ, ಗಿರಿಜಾಳ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಕಿತ್ತೆ. ಅಂಟು ಹಳೆಯದು, ಹರಿಯದೆ ಬಂತು. ಅದನ್ನು ಮಡಿಸಿ ಲಕೋಟೆಯಲ್ಲಿಟ್ಟು ನಾಗಮಂಗಲಕ್ಕೆ ಕಳಿಸಿದೆ. ಅವಳಿಂದ ಉತ್ತರ ಬಂದಿಲ್ಲ. ನಾನು ಕಾಯುತ್ತಲೂ ಇಲ್ಲ.

ಆ ಜಾಗದಲ್ಲಿ ಬೇರೆ ಚೀಟಿ ಅಂಟಿಸಿ ಬಂದಿದ್ದೇನೆ. ಹುಡುಗಿಯರೇ, ನಿಮಗೂ ಆ ಡಬ್ಬ ಇಳಿಸಿ ತೋರಿಸುತ್ತಾರೆ. ತೂತು ನೋಡಿ, ಮೂರರ ಜಾಗದಲ್ಲಿ ಇರುವ ಒಂದು ಕಾಗದ ನೋಡಿ. ಆಮೇಲೆ ಚೀಟಿ ಓದಿ. ತಾರೀಖು ಆ ಏಕಾದಶಿಯದೇ, ಕೈಬರಹ ನನ್ನದು, ಪೂರ್ತಿ ಹೆಸರು ಕನಕವಲ್ಲಿ. ಹೆಸರಿನ ಕೆಳಗೆ ಇನ್ನೊಂದು ಸಾಲು ಬರೆದಿದ್ದೇನೆ: 'ಅಂದು ತಿಂಡಿ ತಿಂದಿರಲಿಲ್ಲ.'